ಮೈಲಾರಿಗೆ ಮುರಿದುಕೊಟ್ಟ ರೊಟ್ಟಿ

ನಾಸಿಕದ ಪಂಚವಟಿಯ ಗುಡಿಗಳಲ್ಲಿ ಗಂಟೆ ಬಾರಿಸಿ ದೇವರನ್ನು ಎಬ್ಬಿಸುವ ಹೊತ್ತಿಗೆ ಚನಬಸವ್ವ ಕಿಟ್ಟಣ್ಣನ ಹೋಟೆಲಿನ ಹಿಂದಿನ ಕೋಣೆಯಲ್ಲಿ ಜೋಳದ ಹಿಟ್ಟಿಗೆ ಬಿಸಿನೀರು ಹೊಯ್ದು ನಾದುತ್ತಾ ತನ್ನ ದೇವರ ಹತ್ತಿರ ತಕರಾರು ಶುರು ಮಾಡಿರುತ್ತಿದ್ದಳು. ತಕರಾರಿನ ವಿಷಯ ಒಂದೇ: ಮೈಲಾರಿ ಎಂಬ ಮನುಷ್ಯ. ಹೊರಗೆ ದುಡ್ಡಿನ ಗಲ್ಲೆಯ ಮೇಲೆ ಕೂತ ಕಿಟ್ಟಣ್ಣನಿಗೆ ರೊಟ್ಟಿ ತಟ್ಟುವ ಸಪ್ಪಳದಿಂದಲೇ ಇವತ್ತು ಮೈಲಾರಿಗೆ ಎಷ್ಟು ಬಿತ್ತು ಎಂಬ ಅಂದಾಜು ಸಿಗುತ್ತಿತ್ತು. ಸಿಟ್ಟು ಹೆಚ್ಚಾದ ದಿನ ರೊಟ್ಟಿ ತೆಳ್ಳಗೆ ಬರುತ್ತಿತ್ತು, ಗಿರಾಕಿಗಳು ಹೊಗಳುತ್ತಿದ್ದರು. ಉಡುಪಿ ಕಡೆಯಿಂದ ಬಂದು ಇಡ್ಲಿ ದೋಸೆ ಮಾರುತ್ತಿದ್ದ ಕಿಟ್ಟಣ್ಣನಿಗೆ ನಾಸಿಕದವರ ನಾಲಗೆ ಒಲಿದದ್ದು ಈ ರೊಟ್ಟಿಯಿಂದಲೇ. ಆದ್ದರಿಂದ ಆ ಸಿಟ್ಟು ಆರದಿರಲಪ್ಪಾ ಎಂದು ಅವನೂ ತನ್ನ ದೇವರ ಹತ್ತಿರ ಬೇಡಿಕೊಳ್ಳುತ್ತಿದ್ದನೇನೋ.

ಹೆಸರು ಚನಬಸವ್ವ, ಹೋಗುವುದು ಏಸುಸ್ವಾಮಿಯ ಸಭೆಗೆ. ಕೇಳಿದವರು ಒಮ್ಮೆ ಹುಬ್ಬೇರಿಸುವುದುಂಟು. ಗದಗಿನ ಕಡೆಯ ಅವಳ ಅಜ್ಜ ಮಿಶನ್ನಿನವರ ಕಾಲದಲ್ಲಿ ಸಭೆ ಸೇರಿದ. ಅಜ್ಜಿಯೂ ಸೇರಿದಳು, ಆದರೆ ಹೆಸರನ್ನು ಮಾತ್ರ ಬಿಡಲೊಲ್ಲೆ ಎಂದಳು. ಆ ಹೆಸರೇ ಮೊಮ್ಮಗಳಿಗೆ ಬಂತು. ಹೊಸದಾಗಿ ಬಂದ ಸಭಾಪಾಲಕ ಸುಜಿತ್ ಅಯ್ಯನವರು, ಮಂಗಳೂರಿನ ಮೆತ್ತಗಿನ ಹುಡುಗ, ಮಾರ್ಥಾ ಎಂದು ಕರೆಯಬಹುದೇ ಎಂದು ಒಮ್ಮೆ ಸೂಚಿಸಿ ನೋಡಿದರು. ಆಧಾರ್ ಕಾರ್ಡಿನ ಸಾಲಿನಲ್ಲಿ ತನ್ನ ಬದಲು ಅಯ್ಯನವರೇ ನಿಲ್ಲುವುದಾದರೆ ಅಭ್ಯಂತರವಿಲ್ಲ ಎಂದಳು. ಮಾತು ಅಲ್ಲಿಗೇ ಮುಗಿಯಿತು.

ಗಂಡ ಧರ್ಮಣ್ಣ ಗೌಂಡಿ. ಗೋಡೆ ಕಟ್ಟುವುದರಲ್ಲಿ ಗಟ್ಟಿ, ಮಾತಿನಲ್ಲಿ ಬಡವ. "ಹೋಗ್ಲಿ ಬಿಡು" ಎಂಬುದು ಅವನ ಅರ್ಧ ಮಾತಾದರೆ ಇನ್ನರ್ಧ ಮೌನ. ತೂಕದಲ್ಲಿ ಮೋಸವಾದರೆ ಹೋಗ್ಲಿ ಬಿಡು, ಬಸ್ಸಿನಲ್ಲಿ ಯಾರೋ ಕಾಲು ತುಳಿದರೆ ಹೋಗ್ಲಿ ಬಿಡು. ಮನೆಯಲ್ಲಿ ಇಬ್ಬರ ಪಾಲಿನ ಜಗಳವನ್ನೂ ಚನಬಸವ್ವ ಒಬ್ಬಳೇ ಮಾಡಬೇಕಾಗುತ್ತಿತ್ತು. ಅದರಿಂದ ಅವಳಿಗೆ ಒಳ್ಳೆಯ ರೂಢಿಯೂ ಆಗಿತ್ತು.

ವರ್ಷಗಳ ಹಿಂದೆ ಧರ್ಮಣ್ಣ ನಾಸಿಕದ ಹತ್ತಿರದ ಪಿಂಪಳಗಾಂವ್ ಬಸವಂತದಲ್ಲಿ ಒಬ್ಬ ಉಳ್ಳಾಗಡ್ಡಿ ವ್ಯಾಪಾರಿಯ ಗೋದಾಮು ಕಟ್ಟುವ ಕೆಲಸದಲ್ಲಿದ್ದ. ಊರ ಕಡೆಯಿಂದ ಆಳುಗಳನ್ನು ಕರೆತಂದು ಕೆಲಸಕ್ಕೆ ಹಚ್ಚುವ ಮುಕಾದಮನೇ ಮೈಲಾರಿ. ಕಲ್ಲಿಮೀಸೆ, ಕೈತುಂಬ ಉಂಗುರ, ಆಚೆ ಊರಿಗೂ ಕೇಳುವ ದನಿ. ಹೊಸ ಸ್ಲ್ಯಾಬ್ ಗಟ್ಟಿಯಾಗುವ ತನಕ ಅದನ್ನು ಹೊತ್ತು ನಿಲ್ಲುವ ಬಲ್ಲಿ ಎಂಬ ಮರದ ಕಂಬಗಳನ್ನು ಕದಲಿಸಬಾರದು, ಮೇಲೆ ನೀರು ಹೊಡೆಯುತ್ತ ಕಾಯಬೇಕು. ಮೈಲಾರಿಗೆ ವೈಜಾಪುರದಲ್ಲಿ ಇನ್ನೊಂದು ಕೆಲಸ ಹಿಡಿಯುವ ಅವಸರ. ಅದಕ್ಕೆ ಬಲ್ಲಿಗಳು ಬೇಕಾಗಿದ್ದವು. ಸ್ಲ್ಯಾಬ್ ಹಸಿ ಇರುವಾಗಲೇ ಬಿಚ್ಚಿಸಿದ. ಆಳುಗಳೆಲ್ಲ ಊಟಕ್ಕೆ ಕೂತ ಹೊತ್ತಿನಲ್ಲಿ ಅದು ಕುಸಿದು ಬಿತ್ತು. ಅದರ ಅಡಿಗೆ ಯಾವ ಜೀವವೂ ಸಿಗಲಿಲ್ಲ, ಧರ್ಮಣ್ಣನ ಹೆಸರೊಂದು ಸಿಕ್ಕಿತು. ಗೌಂಡಿ ಧರ್ಮಣ್ಣ ಸಿಮೆಂಟಿನ ಮಾಲು ಸರಿಯಾಗಿ ಕಲಸಲಿಲ್ಲ ಎಂದು ಮೈಲಾರಿ ಮಾಲಕನ ಮುಂದೆ ಹೇಳಿಬಿಟ್ಟ. ಬಲ್ಲಿ ಬಿಚ್ಚಿಸಿದ್ದು ಮುಕಾದಮನೇ ಎಂದು ಜೊತೆಯ ಆಳು ಮುತ್ತು ಬಂದು ಚನಬಸವ್ವನ ಕಿವಿಯಲ್ಲಿ ಊದಿದ. ಅವಳು ಸೆರಗು ಬಿಗಿದು ಎದ್ದರೆ ಧರ್ಮಣ್ಣ ಬಾಗಿಲಿಗೆ ಅಡ್ಡ ಕೂತು, ಎಂದಿನಂತೆ ಹೋಗ್ಲಿ ಬಿಡು ಎಂದ.

ಅದು ಹೋಗಲಿಲ್ಲ. ಮುಂಜಾನೆ ಗೌಂಡಿಗಳೂ ಕೂಲಿಗಳೂ ಕೆಲಸ ಹುಡುಕಿ ನಿಲ್ಲುವ ನಾಸಿಕದ ನಾಕಾದಲ್ಲಿ ಅದೊಂದು ಗಾದೆಯೇ ಆಗಿಹೋಯಿತು. ಯಾರಾದರೂ ಕೆಲಸ ಕೆಡಿಸಿದರೆ, "ಧರ್ಮಣ್ಣನ ಸ್ಲ್ಯಾಬ್ ಮಾಡಬ್ಯಾಡೋ" ಎನ್ನುತ್ತಿದ್ದರು. ಧರ್ಮಣ್ಣನನ್ನು ಕಣ್ಣಿಂದ ನೋಡದವರೂ ಅನ್ನುತ್ತಿದ್ದರು. ಸಿಮೆಂಟಿನ ಕೆಲಸ ಒಂದು ದಿನ ಬಿರುಕು ಬಿಡುತ್ತದೆ, ಗಾದೆ ಬಿಡುವುದಿಲ್ಲ. ಕೆಲಸ ಸಿಗದೆ ಧರ್ಮಣ್ಣ ಸಂಭಾಜಿನಗರಕ್ಕೆ ಹೋಗಿ ಒಂದು ಗೋದಾಮಿನ ಕಾವಲುಗಾರನಾದ. ಗಾರೆಯ ಕರಣಿ ಹಿಡಿದ ಕೈಗೆ ಸೀಟಿ ಬಂತು. ಅಲ್ಲೇ ಕಾಮಾಲೆಯಾಗಿ ತೀರಿಕೊಂಡ, ಅಲ್ಲೇ ಮಣ್ಣಾದ. ಅವನನ್ನು ಮಣ್ಣಿಗಿಟ್ಟು ನಾಸಿಕಕ್ಕೆ ತಿರುಗಿ ಬಂದ ದಿನವೇ ನಾಕಾ ದಾಟುವಾಗ ಯಾವನೋ ಹುಡುಗ ಆ ಗಾದೆ ಅಂದದ್ದು ಚನಬಸವ್ವನ ಕಿವಿಗೆ ಬಿತ್ತು. ಗಂಡನ ಹೆಸರನ್ನು ಆ ಸ್ಲ್ಯಾಬಿನ ಅಡಿಯಿಂದ ಎಳೆದು ಅಲ್ಲಿ ಮೈಲಾರಿಯ ಹೆಸರನ್ನು ತುರುಕದೆ ತಾನು ಸಾಯುವುದಿಲ್ಲ ಎಂದು ಅವಳು ಅಂದುಕೊಂಡದ್ದು ಆಗಲೇ.

ನಮ್ಮ ನಿಮ್ಮಂಥವರ ಸಿಟ್ಟು ಚಹಾ ಆರುವುದರೊಳಗೆ ಆರಿಬಿಡುತ್ತದೆ. ಚನಬಸವ್ವನದು ಹಾಗಲ್ಲ. ಅದಕ್ಕೆ ದಿನಾ ಉರಿ ಹಾಕಿ ಕಾಪಾಡಿದಳು. ವೈಜಾಪುರದಲ್ಲೇ ನೆಲೆನಿಂತ ಮೈಲಾರಿಯ ಸುದ್ದಿಯನ್ನು ಮುತ್ತು ಆಗಾಗ ಫೋನಿನಲ್ಲಿ ಒಪ್ಪಿಸುತ್ತಿದ್ದ. ಅವನಿಗೆ ಸಕ್ಕರೆ ಕಾಯಿಲೆ ಬಂತು ಎಂದು ಕೇಳಿದ ದಿನ ಸ್ತೋತ್ರ ಹೇಳಿದಳು. ಅವನು ಹೊಸ ಮನೆ ಕಟ್ಟಿಸಿದ ಎಂದು ಕೇಳಿದಾಗ ದೇವರ ಜೊತೆ ಮಾತು ಬಿಟ್ಟಳು. ಆ ಮನೆಯ ಮಾಳಿಗೆ ಸೋರುತ್ತದಂತೆ ಎಂದು ತಿಳಿದ ಮೇಲೆ ಮತ್ತೆ ಮಾತಾಡಿಸಿದಳು.

ಹೀಗಿರುವಾಗ ಒಂದು ಭಾನುವಾರ ಸಭೆಯಲ್ಲಿ ಅದು ನಡೆಯಿತು. ಮರಾಠಿ ಸಭೆಯವರು ಬೆಳಗಿನ ಆರಾಧನೆ ಮುಗಿಸಿದ ಮೇಲೆ ಅದೇ ಹಾಲಿನಲ್ಲಿ ಕನ್ನಡದವರು ಕೂಡುತ್ತಿದ್ದರು. ಎಲ್ಲ ಗೌಂಡಿಗಳು, ಬುಟ್ಟಿ ಹೊರುವವರು, ಅವರ ಹೆಂಡಿರು ಮಕ್ಕಳು. ಸುಜಿತ್ ಅಯ್ಯನವರು ನಾಸಿಕಕ್ಕೂ ವೈಜಾಪುರಕ್ಕೂ ಒಬ್ಬರೇ. ಅವರು ಕನ್ನಡಕ ಒರೆಸಿಕೊಂಡು, ವೈಜಾಪುರದ ಮೈಲಾರಿಯವರು ದೀಕ್ಷಾಸ್ನಾನ ಪಡೆದಿದ್ದಾರೆ, ಪವಿತ್ರ ಭೋಜನದ ಮೇಜಿಗೆ ಸೇರಲು ಬಯಸುತ್ತಾರೆ, ಪದ್ಧತಿಯಂತೆ ಅವರ ಹೆಸರನ್ನು ಮೂರು ಭಾನುವಾರ ಓದಲಾಗುವುದು, ಆಕ್ಷೇಪಣೆ ಇದ್ದವರು ತಿಳಿಸಬೇಕು ಎಂದು ಓದಿದರು. ಪಕ್ಕದಲ್ಲಿ ಕೂತ ನಾಗಮ್ಮ ಚನಬಸವ್ವನ ಮಂಡಿ ಒತ್ತಿ ಹಿಡಿದಳು. ಹಿಡಿಯುವ ಅಗತ್ಯವಿರಲಿಲ್ಲ. ಚನಬಸವ್ವ ಏಳಲಿಲ್ಲ. ಇಷ್ಟು ವರ್ಷ ಕಾದದ್ದನ್ನು ಮೊದಲ ಭಾನುವಾರವೇ ಮುಗಿಸಿಬಿಟ್ಟರೆ ಉಳಿದೆರಡು ಭಾನುವಾರ ಏನು ಮಾಡಬೇಕು?

ಇನ್ನೂ ಒಂದು ಸಂಗತಿಯಿತ್ತು. ಈ ಸಭೆ ಹುಟ್ಟಿದ್ದೇ ಸೈಟುಗಳ ತಗಡಿನ ಶೆಡ್ಡುಗಳಲ್ಲಿ. ಸೈಟಿಗೆ ಹೊಸ ಆಳು ಬಂದ ದಿನ ಅಡುಗೆಗೆ ನಿಂತ ಹೆಂಗಸು ರೊಟ್ಟಿ ಮುರಿದು ಅವನ ಕೈಗೆ ಕೊಡಬೇಕು. ತಿಂದ ಮೇಲೆ ಅವನು ಗ್ಯಾಂಗಿನವನು. ಆ ವಾಡಿಕೆ ಸಭೆಗೂ ನಡೆದು ಬಂದಿತ್ತು. ಇವರ ಮೇಜಿನ ಮೇಲೆ ಪಿಂಪಳಗಾಂವದ ಕರಿ ದ್ರಾಕ್ಷಿಯ ರಸ ಮತ್ತು ಜೋಳದ ರೊಟ್ಟಿ. ಹೊಸದಾಗಿ ಸೇರುವವರಿಗೆ ಮೊದಲ ತುಂಡನ್ನು ಅಯ್ಯನವರಲ್ಲ, ರೊಟ್ಟಿ ತಟ್ಟಿದವಳೇ ಮುರಿದು ಕೊಡುವುದು. ಸುಜಿತ್ ಅಯ್ಯನವರು ಬಂದ ಹೊಸದರಲ್ಲಿ ಇದು ಯಾವ ನಿಯಮದಲ್ಲಿದೆ ಎಂದು ಹುಡುಕಿ, ಸಿಗದೆ, ಕೊನೆಗೆ ರೊಟ್ಟಿಯ ರುಚಿಗೆ ಸೋತು ಸುಮ್ಮನಾಗಿದ್ದರು. ನಾಸಿಕಕ್ಕೂ ವೈಜಾಪುರಕ್ಕೂ ರೊಟ್ಟಿ ಹೋಗುತ್ತಿದ್ದದ್ದು ಚನಬಸವ್ವನ ಹಂಚಿನಿಂದ. ಅಂದರೆ ಮೈಲಾರಿ ಆ ಮೇಜಿಗೆ ಬರಬೇಕಾದರೆ ಚನಬಸವ್ವನ ಕೈ ದಾಟಿಯೇ ಬರಬೇಕು.

ಅಯ್ಯನವರಿಗೆ ಇದು ಹೊಳೆದದ್ದು ಸ್ವಲ್ಪ ತಡವಾಗಿ. ಹೊಳೆದ ಮಾರನೆಯ ದಿನವೇ ಹೋಟೆಲಿನ ಹಿಂಬಾಗಿಲಿಗೆ ಬಂದು, ಕಟ್ಟಿಗೆಯ ಸ್ಟೂಲಿನ ಮೇಲೆ ಕೂತು, ಕೃಪೆಯ ವಿಷಯ ತೆಗೆದರು. ಸಂಜೆ ಬಂದ ಆಳಿಗೂ ಮುಂಜಾನೆ ಬಂದ ಆಳಿನಷ್ಟೇ ಕೂಲಿ ಕೊಟ್ಟ ದ್ರಾಕ್ಷಿತೋಟದ ಯಜಮಾನನ ಕಥೆ ಹೇಳಿದರು. ಅಂಥ ಮಾಲಕ ಪಿಂಪಳಗಾಂವದಲ್ಲಿದ್ದಿದ್ದರೆ ಎಲ್ಲರೂ ಸಂಜೆಗೇ ನಾಕಾಕ್ಕೆ ಬರುತ್ತಿದ್ದರು ಎಂದು ಚನಬಸವ್ವ ರೊಟ್ಟಿ ಮಗುಚಿ ಹಾಕಿದಳು. ಆಮೇಲೆ ಕೈ ಒರೆಸಿಕೊಂಡು ನೇರವಾಗಿ ಅಂದಳು:

"ಅಯ್ಯಾರ, ದೇವರು ಅವನ್ನ ಮಾಫ್ ಮಾಡ್ಲಿ, ಬ್ಯಾಡ ಅನ್ನಾಂಗಿಲ್ಲ. ಆದ್ರ ನನ್ನ ಒಂದ್ ಮಾತ ಕೇಳಬೇಕಿತ್ತಲ್ರೀ. ಮನಿ ಮುರದದ್ದು ನಂದು."

"ಕೃಪೆ ಅಂದ್ರೆ ಹಾಗೇ ಅಮ್ಮ. ಯೋಗ್ಯತೆ ನೋಡಿ ಕೊಟ್ರೆ ಅದು ಕೂಲಿ ಆಗ್ತದೆ. ಯೋಗ್ಯತೆ ಇಲ್ಲದವನಿಗೆ ಕೊಟ್ರೇ ಅದು ಕೃಪೆ."

"ಹಂಗಾರ ಮೈಲಾರಿ ಭಾಳ ತಯಾರಿ ಮಾಡ್ಕೊಂಡ ಬಂದಾನ ಬಿಡ್ರಿ. ಅಷ್ಟು ಯೋಗ್ಯತಿ ಇಲ್ಲದಂವ ಈ ಕಡೆ ಇನ್ನೊಬ್ಬ ಸಿಗಾಂಗಿಲ್ಲ."

ಅಯ್ಯನವರಿಗೆ ನಗು ಬಂತು. ನಕ್ಕರೆ ಸೋತಂತೆ ಎಂದು ತಡೆದುಕೊಂಡು, ಆಕೆ ಕಟ್ಟಿಕೊಟ್ಟ ರೊಟ್ಟಿಗಳನ್ನು ತೆಗೆದುಕೊಂಡು, ಪ್ರಾರ್ಥಿಸುತ್ತೇನೆ ಎಂದು ಹೇಳಿ ಹೋದರು. ಯಾರಿಗೋಸ್ಕರ ಎಂದು ಹೇಳಲಿಲ್ಲ.

ಇದನ್ನೆಲ್ಲ ಗಲ್ಲೆಯಿಂದಲೇ ಕೇಳಿಸಿಕೊಂಡ ಕಿಟ್ಟಣ್ಣ ಗಿರಾಕಿ ಕಡಿಮೆಯಾದಾಗ ಒಳಗೆ ಬಂದ. ಅವನಿಗೆ ಕ್ರಿಸ್ತನ ಮತದ ವಿಷಯ ಹೆಚ್ಚು ಗೊತ್ತಿರಲಿಲ್ಲ, ದಾಯಾದಿ ಜಗಳದ ವಿಷಯ ಚೆನ್ನಾಗಿ ಗೊತ್ತಿತ್ತು. ಎದ್ದು ನಿಂತು ಆಕ್ಷೇಪಣೆ ಹೇಳುತ್ತೇನೆ, ರೊಟ್ಟಿ ಕೊಡುವುದಿಲ್ಲ ಎನ್ನುತ್ತೇನೆ ಎಂದು ಆಕೆ ತನ್ನ ಯೋಜನೆ ಹೇಳಿದಾಗ ಕಿಟ್ಟಣ್ಣ ನಿರಾಸೆಯಿಂದ ತಲೆಯಾಡಿಸಿದ. ಬೈದರೆ ಬೈದವಳೇ ಕೆಟ್ಟವಳಾಗುತ್ತಾಳೆ, ಅವನಿಗೆ ನಾಲ್ಕು ಜನರ ಅಯ್ಯೋ ಪಾಪ ಸಿಗುತ್ತದೆ ಎಂದ.

"ಮಾಫಿ ಕೊಟ್ಟುಬಿಡಿ ಮಾರಾಯ್ತಿ. ಎಲ್ಲರ ಎದುರು ಕೊಡಿ. ಆದರೆ ಎಂತದಕ್ಕೆ ಮಾಫಿ ಅಂತ ಬಿಡಿಸಿ ಹೇಳಿ ಕೊಡಿ. ತಗೊಂಡ್ರೆ ತಪ್ಪು ಒಪ್ಪಿದ ಹಾಗೆ. ತಗೊಳ್ಳದಿದ್ರೆ ಅವನ ಭೋಜನವೂ ಇಲ್ಲ. ನನ್ನ ಭಾವನಿಗೆ ನಾನು ಮನೆ ಒಕ್ಕಲಿನ ದಿನ ಊಟದ ಪಂಕ್ತಿಯಲ್ಲೇ ಮಾಫಿ ಕೊಟ್ಟದ್ದು. ಅವ ಇವತ್ತಿಗೂ ತಲೆ ಎತ್ತಿ ನಡೆಯುವುದಿಲ್ಲ."

ಚನಬಸವ್ವ ಸ್ವಲ್ಪ ಹೊತ್ತು ಹಂಚಿನ ಮೇಲಿನ ರೊಟ್ಟಿಯನ್ನೇ ನೋಡಿದಳು. ಅದು ಸೀದುಹೋಯಿತು. ಅವಳ ಕೈಯಲ್ಲಿ ರೊಟ್ಟಿ ಸೀದದ್ದನ್ನು ಕಿಟ್ಟಣ್ಣ ಅಂದೇ ಮೊದಲು ಕಂಡದ್ದು. ಇಷ್ಟು ವರ್ಷ ಸಭೆಯಲ್ಲಿ ಕ್ಷಮೆಯ ಮೇಲೆ ಎಷ್ಟೊಂದು ಪ್ರಸಂಗ ಕೇಳಿದರೂ ಅದಕ್ಕೆ ಇಷ್ಟು ಹರಿತ ಇದೆಯೆಂದು ಯಾವ ಅಯ್ಯನವರೂ ಹೇಳಿರಲಿಲ್ಲ.

ಮೂರನೇ ಭಾನುವಾರ ವೈಜಾಪುರದಲ್ಲಿ ಸೇರಿಸಿಕೊಳ್ಳುವ ಸಭೆ. ಅಂದು ಬೆಳಿಗ್ಗೆ ಚನಬಸವ್ವ ಮೆತ್ತಗೆ, ಸಪ್ಪಳವಿಲ್ಲದೆ ರೊಟ್ಟಿ ತಟ್ಟಿದಳು. ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ ಹತ್ತಿದಳು. ಬಸ್ಸಿನ ಹಣೆಯ ಮೇಲೆ ಛತ್ರಪತಿ ಸಂಭಾಜಿನಗರ ಎಂಬ ಹೊಸ ಹೆಸರು, ಕಂಡಕ್ಟರನ ಬಾಯಲ್ಲಿ ಇನ್ನೂ ಹಳೆಯದು. ಹೆಸರು ಬದಲಾಗುವುದು ಎಷ್ಟು ತಡ ಎಂದು ಚನಬಸವ್ವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ತುಟಿಯಲ್ಲೇ ತಿರುವಿ ಹಾಕುತ್ತಿದ್ದಳು. ಪಕ್ಕದಲ್ಲಿ ಕೂತ ಯೇವಲೆಯ ಮುದುಕಿ ಮರಾಠಿಯಲ್ಲಿ ಎಲ್ಲಿಗೆ ಹೊರಟದ್ದು ಎಂದು ಕೇಳಿದಳು. ಒಬ್ಬನನ್ನು ಕ್ಷಮಿಸುವುದಕ್ಕೆ ಎಂದಳು ಚನಬಸವ್ವ. ಮುದುಕಿ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಜೀವಕ್ಕೆ ಅಪಾಯ ಮಾಡಬೇಡವ್ವಾ ಎಂದು ಹೇಳಿ ಕಿಟಕಿಯ ಕಡೆ ಸರಿದು ಕೂತಳು.

ವೈಜಾಪುರದ ಸಭೆ ಕೂಡುವುದು ಹತ್ತಿ ವ್ಯಾಪಾರಿಯೊಬ್ಬರ ಖಾಲಿ ಶೆಡ್ಡಿನಲ್ಲಿ. ಒಳಗೆ ಕಾಲಿಟ್ಟ ಚನಬಸವ್ವನ ಕಣ್ಣು ಕಲ್ಲಿಮೀಸೆಯನ್ನು ಹುಡುಕಿತು, ಸಿಗಲಿಲ್ಲ. ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಒಣಗಿದ ಮನುಷ್ಯ ಕೋಲು ಹಿಡಿದು ಕೂತಿದ್ದ. ಸಕ್ಕರೆ ಕಾಯಿಲೆ ಅವನನ್ನು ಹಿಂಡಿ ಸಿಪ್ಪೆ ಮಾಡಿತ್ತು. ಬೆರಳಲ್ಲಿ ಉಂಗುರ ನಿಲ್ಲುವಷ್ಟು ಮಾಂಸವಿರಲಿಲ್ಲ. ಚನಬಸವ್ವನಿಗೆ ಮೋಸ ಹೋದಂತಾಯಿತು. ಸಿಟ್ಟಿಗೂ ಅಳತೆಗೆ ತಕ್ಕ ಮನುಷ್ಯ ಬೇಕಲ್ಲ. ದಿನಾ ಬೆಳಿಗ್ಗೆ ತಾನು ತಟ್ಟಿದ್ದು ಇವನನ್ನೇ ಹೌದೋ ಅಲ್ಲವೋ ಎಂದು ಒಂದು ಗಳಿಗೆ ಅನುಮಾನ ಬಂತು.

ಅವನು ಬಾಯಿ ತೆರೆದ ಮೇಲೆ ಅನುಮಾನ ಹೋಯಿತು. ದನಿ ಅದೇ. ಸೇರುವವರು ಎದ್ದು ಸಾಕ್ಷಿ ಹೇಳಬೇಕೆಂಬುದು ರೂಢಿ. ಮೈಲಾರಿ ತಾನು ಪಾಪಿಗಳಲ್ಲೆಲ್ಲ ದೊಡ್ಡ ಪಾಪಿ ಎಂದು ಶುರು ಮಾಡಿ, ಗುಟ್ಕಾ ತಿಂದದ್ದು, ಕುಡಿದದ್ದು, ಇಸ್ಪೀಟಾಡಿದ್ದು ಎಲ್ಲ ಹೇಳಿದ. ಜನ ಪ್ರತಿ ಪಾಪಕ್ಕೂ ಒಮ್ಮೆ ಸ್ತೋತ್ರ ಎಂದರು. ಇನ್ನೂ ಬಾಯಿಂದ ಹೇಳಲಾಗದ ಪಾಪ ಇದೆ ಎಂದು ಹೇಳಿ ಕೂತುಬಿಟ್ಟ. ಚನಬಸವ್ವನ ಎದೆ ಖುಷಿಯಿಂದ ಹಾರಿತು. ಬಚ್ಚಿಟ್ಟ. ಇಷ್ಟೆಲ್ಲ ಸ್ನಾನ ಮಾಡಿಯೂ ಅದೊಂದನ್ನು ಒದ್ದೆಯಾಗದಂತೆ ಬಚ್ಚಿಟ್ಟ.

ಆಕ್ಷೇಪಣೆ ಇದ್ದವರು ಹೇಳಬಹುದು ಎಂದು ಅಯ್ಯನವರು ಎಲ್ಲರನ್ನೂ ಕೇಳಿದರು, ನೋಡಿದ್ದು ಮಾತ್ರ ಚನಬಸವ್ವನನ್ನು. ಅವಳು ಎದ್ದಳು.

"ಆಕ್ಷೇಪಣಿ ಇಲ್ರೀ ಅಯ್ಯಾರ."

ಅಯ್ಯನವರು ಉಸಿರು ಬಿಟ್ಟರು. ಚನಬಸವ್ವ ಮೇಜಿನ ಹತ್ತಿರ ಹೋಗಿ, ಬಟ್ಟೆ ಬಿಚ್ಚಿ, ರೊಟ್ಟಿಯನ್ನು ಟಪ್ಪೆಂದು ಮುರಿದಳು. ತುಂಡನ್ನು ಮೈಲಾರಿಯ ಕಡೆ ಚಾಚಿ, ಶೆಡ್ಡಿನ ಕೊನೆಯ ಸಾಲಿಗೂ ಕೇಳುವಂತೆ ಹೇಳಿದಳು:

"ಪಿಂಪಳಗಾಂವದಾಗ ಹಸಿ ಸ್ಲ್ಯಾಬಿನ ಬಲ್ಲಿ ಬಿಚ್ಚಿಸಿದಾಂವ ನೀನು. ಬಿದ್ದ ಮ್ಯಾಲ ನನ್ನ ಗಂಡನ ಹೆಸರು ಹೇಳಿದಾಂವ ನೀನು. ಅಂವ ಆ ಹೆಸರು ಹೊತ್ಕೊಂಡ ಸತ್ತ. ಇದನ್ನೆಲ್ಲಾ ನಾ ಮಾಫ್ ಮಾಡೀನಿ ಮೈಲಾರಿ. ತಗೋ."

ಅಲ್ಲಿ ಕೂತವರಲ್ಲಿ ಅರ್ಧ ಮೈಲಾರಿಯ ಕೈಕೆಳಗೆ ದುಡಿದ ಗೌಂಡಿಗಳು. ಅವನ ಅಳಿಯನೂ ಇದ್ದ. ಎಲ್ಲರ ಕಣ್ಣೂ ಅವನ ಮೇಲೆ ನೆಟ್ಟವು. ಚನಬಸವ್ವ ಕೈ ಚಾಚಿಯೇ ನಿಂತಳು. ಕೈ ನೋಯಲಿಲ್ಲ. ಜೀವಮಾನದಲ್ಲಿ ಅವಳು ಅನುಭವಿಸಿದ ಸುಖಗಳಲ್ಲಿ ಅದು ದೊಡ್ಡದು ಎಂದರೆ ತಪ್ಪಾಗಲಾರದು. ತಗೊಂಡರೂ ಸಿಕ್ಕಿಬಿದ್ದ, ಬಿಟ್ಟರೂ ಸಿಕ್ಕಿಬಿದ್ದ. ಮನಸ್ಸಿನಲ್ಲೇ ಕಿಟ್ಟಣ್ಣನಿಗೆ ಕೈ ಮುಗಿದಳು.

ಮೈಲಾರಿ ಕೋಲೂರಿ ಎದ್ದು ಬಂದ. ಎರಡೂ ಕೈ ಒಡ್ಡಿ ತುಂಡನ್ನು ತೆಗೆದುಕೊಂಡ. ತಿನ್ನಲಿಲ್ಲ.

"ವೈನೀ, ಖರೇನ ಹೇಳಿದ್ರಿ. ಆದ್ರ ಅರ್ಧಾ ಹೇಳಿದ್ರಿ," ಎಂದ. "ಬಲ್ಲಿ ಬಿಚ್ಚಬ್ಯಾಡ ಅಂತ ಧರ್ಮಣ್ಣ ನನ್ನ ಕೈ ಹಿಡದಿದ್ದ. ನಾ ಕೇಳಲಿಲ್ಲ. ಬೀಳೂಮುಂದ ಅದರ ಕೆಳಗ ನಾನ ಇದ್ದೆ. ಎಳದು ಹೊರಗ ಒಗದಾಂವ ಅಂವನ."

ಆಮೇಲಿನದನ್ನು ಅವನು ತಡೆತಡೆದು ಹೇಳಿದ. ಅವನ ಮಗಳ ಮದುವೆ ಗೊತ್ತಾಗಿತ್ತು. ಮುಕಾದಮನ ಹೆಸರು ಕೆಟ್ಟರೆ ಮದುವೆ ಮುರಿಯುತ್ತದೆ, ಇಡೀ ಗ್ಯಾಂಗಿನ ಅನ್ನವೂ ಹೋಗುತ್ತದೆ ಎಂದು ಆ ಸಂಜೆ ಧರ್ಮಣ್ಣನ ಕಾಲು ಹಿಡಿದ. ಧರ್ಮಣ್ಣ ಕೈಗೆ ಹತ್ತಿದ್ದ ಸಿಮೆಂಟು ತೊಳೆದುಕೊಳ್ಳುತ್ತಲೇ, ನನ್ನ ಹೆಸರು ಹೇಳು, ನಾಲ್ಕು ದಿನ ಬೈದು ಮರೆಯುತ್ತಾರೆ, ಮನೆಯಲ್ಲಿ ಮಾತ್ರ ತಿಳಿಯಬಾರದು, ಅವಳು ಬಿಡುವುದಿಲ್ಲ ಎಂದ. ಮದುವೆ ಮುಗಿದ ಮೇಲೆ ನಿಜ ಹೇಳುತ್ತೇನೆಂದು ಮೈಲಾರಿ ಆಣೆ ಮಾಡಿದ್ದ. ಮದುವೆ ಮುಗಿಯಿತು. ಬಾಯಿ ಬರಲಿಲ್ಲ. ಆಮೇಲೆ ಧರ್ಮಣ್ಣ ಸತ್ತ ಸುದ್ದಿ ಬಂತು.

"ಅಂವ ಕೊಟ್ಟದ್ದನ್ನ ನುಂಗಿ ಕೂತೆ. ಇಲ್ಲೀತನಾ ಅದು ನನ್ನ ಗಂಟಲದಾಗ ಐತಿ," ಎಂದು ಹೇಳಿ ಮೈಲಾರಿ ರೊಟ್ಟಿಯ ತುಂಡನ್ನು ಬಾಯಿಗೆ ಹಾಕಿಕೊಂಡ.

ಅವಳು ಕಲ್ಲೆಂದು ಎಸೆದದ್ದನ್ನು ಅವನು ರೊಟ್ಟಿಯೆಂದು ತಿಂದ. ತಿನ್ನುತ್ತಾ ಅತ್ತ. ಅಳುತ್ತಾ ಅವನ ಮುಖ ಹೊರೆ ಇಳಿಸಿದ ಹಮಾಲನ ಮುಖದ ಹಾಗೆ ಸಡಿಲವಾಯಿತು. ಹೆಂಗಸರು ಅವನಿಗೆ ನೀರು ತಂದುಕೊಟ್ಟರು, ಅಳಿಯ ಬೆನ್ನು ಸವರಿದ. ಚನಬಸವ್ವನ ಕಡೆ ಯಾರೂ ನೋಡಲಿಲ್ಲ. ನೆಲಕ್ಕೆ ಕೆಡವಲು ಬಂದವಳು ಕೈಯಾರೆ ಎತ್ತಿ ನಿಲ್ಲಿಸಿದಂತಾಗಿತ್ತು. ಇಷ್ಟು ಸೊಗಸಾಗಿ ಹೂಡಿದ ಸೇಡು ಹೀಗೆ ಒಳ್ಳೆಯ ಕೆಲಸವಾಗಿ ಕೆಟ್ಟುಹೋದದ್ದನ್ನು ಅವಳು ಕಂಡಿರಲಿಲ್ಲ, ಕೇಳಿರಲಿಲ್ಲ.

ಅಯ್ಯನವರ ಕಣ್ಣೂ ಒದ್ದೆಯಾಗಿತ್ತು. ಆರಾಧನೆ ಮುಗಿದ ಮೇಲೆ ಹತ್ತಿರ ಬಂದು, ಮುಂದಿನ ವಾರ ಧರ್ಮಣ್ಣನವರ ವಿಷಯವನ್ನೇ ಪ್ರಸಂಗ ಮಾಡುತ್ತೇನೆ, ಕೃಪೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತದೆ ಎಂದರು.

"ನನ್ನ ಗಂಡನ್ನ ಉದಾಹರಣಿ ಮಾಡಬ್ಯಾಡ್ರಿ ಅಯ್ಯಾರ," ಎಂದಳು ಚನಬಸವ್ವ. "ಅವನ ಜೋಡಿ ನಂದು ಇನ್ನೂ ಮಾತ ಬಾಕಿ ಅದ."

ಮೈಲಾರಿಗೆ ಒಂದೇ ಮಾತು ಹೇಳಿದಳು. ಇಲ್ಲಿ ಹೇಳಿದ್ದು ದೇವರಿಗಾಯಿತು, ಗಾದೆ ಹುಟ್ಟಿದ್ದು ನಾಸಿಕದ ನಾಕಾದಲ್ಲಿ, ಅಲ್ಲಿ ಬಂದು ಹೇಳು. ಅವನು ನಾಳೆಯೇ ಬರುತ್ತೇನೆ ಎಂದ. ಅವನಿಗೆ ಎಷ್ಟು ಹಗುರಾಗಿತ್ತೆಂದರೆ ಮುಂಬಯಿಗೆ ಬಾ ಎಂದರೂ ಬರುತ್ತಿದ್ದ.

ಅವಳು ನಾಸಿಕದ ಬಸ್ಸು ಹತ್ತಲಿಲ್ಲ. ಎದುರಿನ ದಿಕ್ಕಿನ ಬಸ್ಸು ಹತ್ತಿ ಸಂಭಾಜಿನಗರಕ್ಕೆ ಹೋದಳು. ಸಮಾಧಿಗಳ ನಡುವೆ ಬೇವಿನ ಮರದ ಕೆಳಗೆ ಧರ್ಮಣ್ಣನ ಮಣ್ಣು, ಅದರ ತಲೆಗೆ ಮಾಸಿದ ಕಟ್ಟಿಗೆಯ ಶಿಲುಬೆ. ಮಧ್ಯಾಹ್ನದ ಬಿಸಿಲಿನಲ್ಲಿ ಅವಳು ಕೂತು ಬೈಯಲು ತೊಡಗಿದಳು. ಕಾವಲಿನವನಿಗೆ ಕನ್ನಡ ಬರುತ್ತಿರಲಿಲ್ಲ. ಯಾವುದೋ ದೀರ್ಘವಾದ ಪ್ರಾರ್ಥನೆ ನಡೆದಿದೆ ಎಂದು ತಿಳಿದು ದೂರದಲ್ಲೇ ಚಪ್ಪಲಿ ಬಿಟ್ಟು ನಿಂತ.

ಬೈಗುಳದ ಸಾರಾಂಶ ಇಷ್ಟು. ಹೆಸರು ನಿನ್ನೊಬ್ಬನದಾಗಿತ್ತೇನು? ಆ ಹೆಸರಿನ ಹಿಂದೆ ನಾನೂ ಇದ್ದೆನಲ್ಲ. ನಾಕಾ ದಾಟುವಾಗ ಸೆರಗು ಮುಖಕ್ಕೆ ಎಳೆದುಕೊಂಡವಳು ನಾನು. ಕೊಡುವವನು ನೀನಾದರೆ, ನನ್ನ ಪಾಲನ್ನೂ ಸೇರಿಸಿ ಕೊಡು ಅಂತ ಯಾರು ಹೇಳಿದ್ದರು? ನನಗೆ ಹೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆ ಎಂದಳು. ಅದಕ್ಕೇ ಹೇಳಲಿಲ್ಲ ಎಂದು ಅವನ ಉತ್ತರವನ್ನೂ ತಾನೇ ಯೋಚಿಸಿಕೊಂಡು, ಅದಕ್ಕೆ ಮತ್ತಷ್ಟು ಸಿಟ್ಟಾದಳು. ದೇವರೂ ಗಂಡನೂ ಸೇರಿ ತನ್ನನ್ನು ಕೇಳದೆ ಮೈಲಾರಿಗೆ ಮಾಫಿ ಹಂಚಿಬಿಟ್ಟಿದ್ದರು. ಪುಕ್ಕಟೆ ಪುಕ್ಕಟೆ ಎಂದು ಅಯ್ಯನವರು ಹೇಳುವ ಕೃಪೆ ಇದೇ ಇರಬೇಕು. ತಿಂದವನಿಗೆ ಪುಕ್ಕಟೆ. ಕೊಟ್ಟವನು ಕರಣಿ ಬಿಟ್ಟು ಸೀಟಿ ಹಿಡಿದು, ಪರಊರಿನ ಮಣ್ಣಲ್ಲಿ ಮಲಗಿದ್ದ. ಒಂದು ದಿನವಾದರೂ ಅವನು ಅದನ್ನು ಬಾಯಿಬಿಟ್ಟು ಹೇಳಿದ್ದರೆ! ಸುಮ್ಮನಿರುವುದು ಅವನ ಹೇಡಿತನ ಎಂದೇ ಇಷ್ಟು ವರ್ಷ ತಿಳಿದಿದ್ದಳು. ಹಾಗೆಂದು ಅವನ ಮುಖಕ್ಕೇ ಹೇಳಿಯೂ ಇದ್ದಳು. ಆಗಲೂ ಅವನು ಹೋಗ್ಲಿ ಬಿಡು ಎಂದಿದ್ದ.

ಅಲ್ಲಿಗೆ ಬೈಗುಳ ನಿಂತಿತು. ಅವಳು ಸೆರಗಿನಿಂದ ಶಿಲುಬೆಯ ಧೂಳನ್ನು ಒರೆಸಿದಳು. ಧೂಳು ಹೋದ ಮೇಲೂ ಸ್ವಲ್ಪ ಹೊತ್ತು ಒರೆಸುತ್ತಲೇ ಇದ್ದಳು.

ಮರುದಿನ ಮೈಲಾರಿ ನಾಸಿಕದ ನಾಕಾದಲ್ಲಿ ಕೋಲೂರಿ ನಿಂತು, ಹಳೆಯ ಮುಕಾದಮನ ದನಿಯಲ್ಲೇ ಎಲ್ಲವನ್ನೂ ಹೇಳಿದ. ಹಳೆಯ ಗೌಂಡಿಗಳು ತಲೆ ತಗ್ಗಿಸಿದರು. ಹೊಸ ಹುಡುಗರಿಗೆ ಗಾದೆ ಇಲ್ಲದೆ ನಡೆಯುವುದಿಲ್ಲವಾದ್ದರಿಂದ ಸಂಜೆಯೊಳಗೆ ಅದನ್ನು "ಮೈಲಾರಿ ಸ್ಲ್ಯಾಬ್" ಎಂದು ತಿದ್ದಿಕೊಂಡರು. ಅಯ್ಯನವರು ಹೋಟೆಲಿಗೆ ಫೋನು ಮಾಡಿ, ಅಮ್ಮ, ನೀವು ಒಂದು ಮಾತು ಹೇಳಿದರೆ ಹುಡುಗರು ಬಿಟ್ಟುಬಿಡುತ್ತಾರೆ ಎಂದು ಕೇಳಿಕೊಂಡರು. ಚನಬಸವ್ವ, ಹಂಚು ಕಾದಿದೆ, ಆಮೇಲೆ ಮಾತಾಡೋಣ ಎಂದು ಫೋನು ಇಟ್ಟಳು.

ಅಷ್ಟರಲ್ಲಿ ಕಿಟ್ಟಣ್ಣ ಒಳಗೆ ಬಂದ. ಮುಖದಲ್ಲಿ ಗಾಬರಿಯೂ ಕುತೂಹಲವೂ ಸಮಸಮ.

"ಅವನೇ ಬಂದಿದ್ದಾನೆ ಮಾರಾಯ್ತಿ. ಗೋಡೆ ಬದಿಯ ಟೇಬಲ್. ರೊಟ್ಟಿ ಬೇಕಂತೆ. ಎಂತ ಮಾಡುವ?"

"ಗಿರಾಕಿ ಅಂದಮ್ಯಾಲ ಕೊಡಬೇಕಲ್ರೀ."

ರೊಟ್ಟಿ ತಟ್ಟಿದಳು. ಸಪ್ಪಳ ಗಲ್ಲೆಯವರೆಗೆ ಕೇಳುವಂತಿತ್ತು. ತಟ್ಟೆಗೆ ಬಿಸಿ ರೊಟ್ಟಿ ಹಾಕಿ, ಪಕ್ಕದಲ್ಲಿ ಝುಣಕ ಇಟ್ಟು, ಮೇಲಿನ ಗೂಡಿನಿಂದ ತನ್ನ ಸ್ವಂತದ ಭರಣಿ ಇಳಿಸಿದಳು. ಅದರಲ್ಲಿ ಹಣ್ಣುಮೆಣಸಿನಕಾಯಿ ಅರೆದ ರಂಜಕ. ಕಿಟ್ಟಣ್ಣ ಒಮ್ಮೆ ನಾಲಗೆಗೆ ಹಚ್ಚಿಕೊಂಡು ಮಧ್ಯಾಹ್ನದವರೆಗೆ ಲೆಕ್ಕ ತಪ್ಪಿದ್ದ ಪದಾರ್ಥ. ಅದನ್ನು ನಿಂಬೆಹಣ್ಣಿನ ಗಾತ್ರ ತೆಗೆದು ತಟ್ಟೆಯ ಮಧ್ಯಕ್ಕೆ ಕೂರಿಸಿದಳು.

"ಮಾಫಿ ಕೊಟ್ಟಾಯ್ತಲ್ಲ ಮಾರಾಯ್ತಿ?" ಎಂದ ಕಿಟ್ಟಣ್ಣ ಅಂಜುತ್ತ.

"ಅದು ಸಭಾದಾಗ್ರಿ. ಇದು ಹೋಟೆಲ್. ನೀರ ಕೇಳಿದ್ರ ಸ್ವಲ್ಪ ತಡಾ ಮಾಡ್ರಿ."

ಬಾಗಿಲ ಸಂದಿಯಿಂದ ನೋಡುತ್ತ ನಿಂತಳು. ಮೈಲಾರಿ ಮುರಿದ, ಅದ್ದಿದ, ತಿಂದ. ಕಿವಿ ಕೆಂಪಾಯಿತು, ಮೂಗು ಸೋರಿತು, ಕಣ್ಣಲ್ಲಿ ಧಾರೆಯಾಗಿ ನೀರಿಳಿಯಿತು. ಅವನು ನೀರು ಕೇಳಲಿಲ್ಲ. ತಟ್ಟೆಯನ್ನು ಬೆರಳಿನಿಂದ ಬಳಿದು ನೆಕ್ಕಿ, ಕಿಟ್ಟಣ್ಣನನ್ನು ಕರೆದು, ಇನ್ನೊಂದು ರೊಟ್ಟಿ, ಜೊತೆಗೆ ಇಷ್ಟೇ ರಂಜಕ ಎಂದ.

ಕಿಟ್ಟಣ್ಣ ಒಳಗೆ ಬಂದು ಚನಬಸವ್ವನ ಮುಖ ನೋಡಿದ. ಅವಳು ಎರಡನೇ ರೊಟ್ಟಿಯನ್ನು ಹಂಚಿನಿಂದ ಎತ್ತಿ ತಟ್ಟೆಗೆ ಹಾಕಿದಳು.

"ಈ ಸರತೆ ಮ್ಯಾಲ ಸ್ವಲ್ಪ ಬೆಣ್ಣಿ ಇಡ್ರಿ," ಎಂದಳು. "ಇಲ್ಲಾಂದ್ರ ಸತ್ತಗಿತ್ತಾನು. ಆಮ್ಯಾಲ ನಾ ಯಾರನ್ನ ಬೈಲಿ?"